ಯಾರ ಬೆರಳಿಗೂ ತೆರೆದ ಫೋನು

ನಿಪ್ಪಾಣಿಯ ಆ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೌಸರ ಮುಲ್ಲಾ ತಮ್ಮ ಮೊಬೈಲ್ ರಿಪೇರಿ ಅಂಗಡಿಯ ಶಟರ್ ಎತ್ತುತ್ತಿದ್ದಂತೆ ಮೊದಲು ಕೇಳುವುದು ಒಂದೇ ಮಾತು: "ಆಪಾ, ನೆಟ್ ಬಂದ್ ಐತಿಲ್ಲರಿ?"

ಕೊಗನೊಳ್ಳಿಯಿಂದ ಬಂದ ಜುಬೇದಾ ಹೌದೆಂದು ತಲೆಯಾಡಿಸಿ ತಮ್ಮ ಫೋನನ್ನು ಕೌಂಟರಿನ ಮೇಲಿಡುತ್ತಾರೆ. ಜುಬೇದಾ ಬೀಡಿ ಕಟ್ಟುವವರು. ರೀಚಾರ್ಜ್ ಉಳಿಸಲು ನೆಟ್ಟನ್ನೇ ಹಾಕದ ಅವರ ಫೋನಿಗೆ ಹೊಸ ಅಪ್‌ಡೇಟ್ ಇಳಿದಿಲ್ಲ. ಇಂಥದೊಂದು ಫೋನಿಗಾಗಿ ಕೌಸರ ಸದಲಗಾದವರೆಗೂ ಅಲೆದಿದ್ದಾರೆ. ರಾಯಬಾಗದ ತವರಿನಲ್ಲಿ ಕಣ್ಣೀರು ಹಾಕುತ್ತ ಕುಳಿತಿರುವ ಸೀಮಾ ಎಂಬ ಸೊಸೆಯ ಸಂಸಾರ ಉಳಿಯಬೇಕಾದರೆ ಈ ಫೋನು ಮಾತಾಡಬೇಕು.

ಕೌಸರ ಬೆಳೆದದ್ದು ಇದೇ ಓಣಿಯಲ್ಲಿ, ಬೀಡಿ ಕಟ್ಟುವ ತಾಯಿಯ ಮಗ್ಗುಲಲ್ಲಿ. ಕೊಲ್ಹಾಪುರದಲ್ಲಿ ರಿಪೇರಿ ಕಲಿತು ಅಂಗಡಿ ಹಾಕಿದಾಗ, ಬಂದವರೆಲ್ಲ ಹೆಂಗಸು ಕೂತದ್ದನ್ನು ಕಂಡು "ಮಾಲಕರು ಎಲ್ಲ್ಯದಾರ?" ಎಂದು ಕೇಳುತ್ತಿದ್ದರಂತೆ. ಈಗ ದಿನಕ್ಕೆ ಹತ್ತು ಹನ್ನೆರಡು ಫೋನು ಬರುತ್ತವೆ, ಹೆಚ್ಚಿನವು ಬೀಡಿ ಕಟ್ಟುವ ಹೆಂಗಸರವೇ. ಎಲೆ ಮಡಚಿ ಮಡಚಿ ಅವರ ಬೆರಳ ತುದಿಯ ಗೆರೆಗಳು ಸವೆದಿರುತ್ತವೆ. ಇವರಲ್ಲಿ ಹೆಚ್ಚಿನವರು ಕೊಂಡಿದ್ದ ಒಂದು ಕಂಪನಿಯ ಅಗ್ಗದ ಫೋನು ಅಂಥ ಬೆರಳನ್ನು ಗುರುತಿಸಲಾಗದೆ ಪದೇ ಪದೇ ಸೋತು, ಕೊನೆಗೆ ಯಾರ ಬೆರಳಿಟ್ಟರೂ ತೆರೆದುಕೊಳ್ಳತೊಡಗಿತ್ತು.

ಕೌಸರ ಕಂಪನಿಗೆ ಬರೆದರು. ಬೆರಳು ಒರೆಸಿಕೊಂಡು ಮತ್ತೊಮ್ಮೆ ನೋಂದಾಯಿಸಿ ಎಂದು ಉತ್ತರ ಬಂತು. ಕೆಲವು ವಾರಗಳ ಮೇಲೆ ಸದ್ದಿಲ್ಲದೆ ಆ ದೋಷ ಮುಚ್ಚುವ ಅಪ್‌ಡೇಟೂ ಬಂತು. ಅದರ ಜೊತೆಗಿದ್ದ ಟಿಪ್ಪಣಿ: ಸಣ್ಣಪುಟ್ಟ ಸುಧಾರಣೆಗಳು. ಊರಿನ ಬಾಗಿಲನ್ನೆಲ್ಲ ತೆರೆದಿಟ್ಟು, ಆಮೇಲೆ ಕಳ್ಳಹೆಜ್ಜೆಯಲ್ಲಿ ಬಂದು ಚಿಲಕ ಹಾಕಿ ಹೋಗುವವರನ್ನು ಏನೆನ್ನಬೇಕೋ ವರದಿಗೆಂದು ಬಂದ ನನಗಂತೂ ತಿಳಿಯದು.

ಅಷ್ಟರಲ್ಲಿ ಇದೇ ಓಣಿಯ ಕೆಂಚವ್ವನ ಮನೆ ಒಡೆದಿತ್ತು. ಅದೇ ಕಂಪನಿಯ ಅವರ ಫೋನಿನಿಂದ ಮಗಳು ನೀಲಮಳ ಅಥಣಿಯ ಬೀಗರಿಗೆ ಹೊಲಸು ಮೆಸೇಜ್ ಹೋಗಿ, ಗೊತ್ತಾಗಿದ್ದ ಸಂಬಂಧ ಮುರಿಯಿತು. ಕೆಂಚವ್ವನ ಬೆರಳು ಬಿಟ್ಟರೆ ಪಿನ್ ಗೊತ್ತಿದ್ದದ್ದು ಸೊಸೆ ಸೀಮಾಗೆ ಮಾತ್ರ. ಮತ್ಯಾರ ಮೇಲೂ ಸಂಶಯವೇ ಬರಲಿಲ್ಲ; ಸೀಮಾಳನ್ನು ತವರಿಗೆ ಕಳಿಸಿಬಿಟ್ಟರು.

ಕೌಸರಗೆ ಆ ಮನೆಯ ಈ ಸಂಗತಿಯೊಂದೂ ಗೊತ್ತಿರಲಿಲ್ಲ. ಚಾರ್ಜ್ ಆಗುತ್ತಿಲ್ಲವೆಂದು ಬಂದ ಕೆಂಚವ್ವನ ಫೋನಿಗೆ, ರೂಢಿಯಂತೆ, ಅಪ್‌ಡೇಟ್ ಹಾಕಿ ಕೊಟ್ಟರು. ಆಮೇಲೆ ಸೀಮಾ ಅಳುತ್ತ ಕರೆ ಮಾಡಿದಾಗ ಓಡಿಹೋಗಿ ತಮ್ಮ ಬೆರಳಿಟ್ಟು ತೋರಿಸಿದರೆ, ಫೋನು ತೆರೆಯಲೇ ಇಲ್ಲ.

"ಪುರಾವೆ ನಾನs ಅಳಿಸಿದ್ನಿ. ಅಲ್ಲೇ ಅವರ ಮುಂದ ಹೇಳಿದ್ನಿ, ಮಾವಶಿ, ತಪ್ಪು ನಂದು, ಒಂದೀಟ ತಡೀರಿ ಅಂತ," ಎನ್ನುತ್ತಾರೆ ಕೌಸರ.

ಹಾಗೆ ತಡೆದ ಕೆಂಚವ್ವ ಇವತ್ತು ಬೀಡಿ ಬುಟ್ಟಿ ಕಂಕುಳಲ್ಲಿಟ್ಟುಕೊಂಡೇ ಬಂದಿದ್ದಾರೆ. "ಲಗೂ ತೋರಸ ಬೇ. ಬೀಡಿ ಒಪ್ಸಾಕ ಹೋಗಬೇಕು."

"ನಾ ತೋರಸಾಂಗಿಲ್ಲ ಮಾವಶಿ. ನಿಮ್ಮ ಬಟ್ಟ ನೀವs ಇಡ್ರಿ."

ಕೆಂಚವ್ವ ಜುಬೇದಾರ ಫೋನಿನ ಮೇಲೆ ಬೆರಳಿಡುತ್ತಾರೆ. ತೆರೆಯುವುದಿಲ್ಲ. ಸೆರಗಿಗೆ ಒರೆಸಿ ಮತ್ತೆ ಇಡುತ್ತಾರೆ. ಇಲ್ಲ. ಕೌಸರ ಫೋನನ್ನು ಅವರತ್ತ ಇನ್ನಷ್ಟು ಸರಿಸುತ್ತಾರೆ. "ಇನ್ನೊಮ್ಮೆ, ಮಾವಶಿ." ಮೂರನೆಯ ಸಲ ಪರದೆ ಬೆಳಗಿ, ಜುಬೇದಾರ ಮೊಮ್ಮಗುವಿನ ಫೋಟೋ ಕಾಣಿಸುತ್ತದೆ. ಕೌಸರ ನನ್ನ ಬೆರಳನ್ನೂ ಇಡಿಸುತ್ತಾರೆ. ನನಗೂ ತೆರೆಯಿತು. ನಿಜಕ್ಕೂ ಹೆದರಿಕೆಯಾಯಿತು.

"ಅಂದ್ರ ಯಾರರೆ ತಗದಿರಬೌದು?" ಕೆಂಚವ್ವ ಮೆಲ್ಲಗೆ ಕೇಳುತ್ತಾರೆ.

"ಯಾರು ಅಂತ ನನಗ ಗೊತ್ತಿಲ್ಲರಿ. ಸೀಮಾನs ಅಂತ ಹೇಳಾಕ ಮಾತ್ರ ಬರೂದಿಲ್ಲ."

ಕೆಂಚವ್ವ ಆ ಮಗುವಿನ ಫೋಟೋ ನೋಡುತ್ತಾರೆ. ಆಮೇಲೆ ಬೀಡಿ ಬುಟ್ಟಿಯನ್ನು ಜುಬೇದಾರ ಕೈಗಿಡುತ್ತಾರೆ. "ಇದನ್ನ ನೀ ಒಪ್ಸವಾ. ರಾಯಬಾಗದ ಬಸ್ ಎಷ್ಟಕ್ಕೈತಿ?"

ಅವರು ಓಣಿಯ ತಿರುವು ದಾಟಿದ ಮೇಲೆ ಕೌಸರ ಜುಬೇದಾರ ಫೋನಿಗೆ ನೆಟ್ ಹಾಕುತ್ತಾರೆ. ಪುರಾವೆ ಹೋದರೂ ಸರಿ, ಆಪಾನ ಫೋನು ಹೀಗೆ ತೆರೆದಿರಬಾರದು. ಅಪ್‌ಡೇಟ್ ಇಳಿಯತೊಡಗುತ್ತದೆ, ಅದೇ ಸಣ್ಣಪುಟ್ಟ ಸುಧಾರಣೆಗಳು. ಕಂಪನಿಯಿಂದ ಏನು ಬಯಸುತ್ತೀರಿ ಎಂದು ಕೇಳುತ್ತೇನೆ.

"ಏನೂ ಬ್ಯಾಡ್ರಿ. ತಪ್ಪು ನಮ್ದು ಅಂತ ಆಗs ಒಂದ ಸಾಲು ಬರಕೊಟ್ಟಿದ್ರ ಆ ಹುಡುಗಿ ಇಷ್ಟ ಅಳತಿದ್ದಿಲ್ಲ. ನಾನೂ ತಪ್ಪ ಮಾಡೇನಿ, ಓಣಿ ಮಂದಿ ಮುಂದ ನಿಂತ ಹೇಳೇನಿ. ಆದ್ರೂ ನೋಡ್ರಿ, ನನ್ನ ಅಂಗಡಿ ತಗದs ಐತಿ."