ಕೋಟೆ ಹತ್ತುವ ಕೊಕ್ಕೆ

ಮೂವತ್ತೈದು ವರ್ಷ ನಾನು ಲೋಹಗಳನ್ನು ಪರೀಕ್ಷಿಸಿ ಹೊಟ್ಟೆ ಹೊರೆದವನು. ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ನನ್ನ ಸಹಿ ಬೀಳದೆ ಒಂದು ಮೊಳೆಯೂ ಗೇಟು ದಾಟುತ್ತಿರಲಿಲ್ಲ. ನಿವೃತ್ತನಾದ ಮೇಲೆ ಸಹಿ ಹಾಕಲು ಏನೂ ಸಿಗದೆ ಮನೆಯ ಇಡ್ಲಿ ತಟ್ಟೆಗಳ ದಪ್ಪ ಅಳೆಯುತ್ತಿದ್ದೆ ಎಂದು ಹೆಂಡತಿ ಎಲ್ಲರ ಮುಂದೆ ಹೇಳುತ್ತಾಳೆ. ಅಳೆದದ್ದು ಒಂದೇ ಸಲ.

ಇಂಥವನ ಕಣ್ಣಿಗೆ, ವಿಕಾರಾಬಾದ್ ಕಡೆ ಸೀತಾಫಲ ತರಲು ಹೋದಾಗ, ಆ ವಸ್ತು ಬಿತ್ತು. ಹೊಲದ ನಡುವೆ ಒಂದು ಹಾಳು ಬಾವಿ. ಅದರ ಕಟ್ಟೆಯ ಪಕ್ಕದಲ್ಲಿ ಅರ್ಧ ಹೂತುಹೋದ ಒಂದು ಕಬ್ಬಿಣದ ಬಳೆ. ಎಳೆದರೆ ಅದರ ಸುತ್ತ ಜೋತಾಡುವ ಹತ್ತು ಹನ್ನೆರಡು ಕೊಕ್ಕೆಗಳು. ಒಯ್ಯಲೇ ಎಂದು ಕೇಳಿದ್ದಕ್ಕೆ ಹೊಲದವನು ದೂರದಿಂದಲೇ "ತೀಸ್ಕೋಂಡಿ ಸಾರ್" ಎಂದು ಕೈ ಬೀಸಿದ. ಇದೇನೆಂದು ಅವನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಹೊಲದವನಿಗೆ ಏನು ಗೊತ್ತಿರುತ್ತದೆ ಎಂಬುದು ನಮ್ಮಂಥ ಓದಿದವರು ಕಲಿಯುವ ಮೊದಲ ಪಾಠ.

ನಿಮಗೆ ಈಗಾಗಲೇ ಗೊತ್ತಾಗಿದ್ದರೆ ದಯವಿಟ್ಟು ನಗಬೇಡಿ. ನಾನು ಹುಟ್ಟಿ ಬೆಳೆದದ್ದು ಕ್ವಾರ್ಟರ್ಸಿನಲ್ಲಿ, ನಲ್ಲಿ ನೀರು ಕುಡಿದು.

ಮನೆಗೆ ತಂದು ಉಜ್ಜಿದೆ, ತೂಗಿದೆ, ಅರದಿಂದ ಕೆರೆದು ನೋಡಿದೆ. ಕುಲುಮೆಯಲ್ಲಿ ಕೈಯಿಂದ ಬಡಿದ ಕಬ್ಬಿಣ ಎಂದು ಎರಡು ಪುಟದ ವರದಿ ಬರೆದೆ. ಅದು ಯಾವುದರಿಂದ ಆಗಿದೆ ಎಂಬುದೆಲ್ಲ ಅದರಲ್ಲಿತ್ತು, ಯಾವುದಕ್ಕಾಗಿ ಎಂಬುದು ಮಾತ್ರ ಇರಲಿಲ್ಲ. ಫೋನಿಗೆ ತೋರಿಸಿದರೆ ಅದು ಯಾವುದೋ ಸಮುದ್ರದ ಪ್ರಾಣಿಯ ಹೆಸರು ಹೇಳಿತು. ಬೇಗಂ ಬಜಾರಿನ ಪಾತ್ರೆ ಅಂಗಡಿಯವನು "ನವಾಬಾಂ ಕಾ ಝೂಮರ್ ಹೈ ಸಾಬ್" ಎಂದು ಅದನ್ನು ಅರಮನೆಯ ತೂಗುದೀಪ ಮಾಡಿ, ಜೋಡಿಗೆ ಇರಲಿ ಎಂದು ಇನ್ನೊಂದು ದೀಪವನ್ನು ನನಗೇ ಮಾರಲು ನೋಡಿದ.

ಕೊನೆಗೆ ತಾರ್ನಾಕದಲ್ಲಿರುವ ನಿವೃತ್ತ ಇತಿಹಾಸ ಪ್ರೊಫೆಸರರ ಮನೆಗೆ ಹೋದೆ. ನಮ್ಮ ಕನ್ನಡ ಸಂಘದ ಹಿರಿಯರು. ಈ ಸೀಮೆಯಲ್ಲಿ ಏನೇ ಸಿಕ್ಕರೂ ಅವರಿಗೆ ಅದು ಚಾಲುಕ್ಯರದ್ದು.

"ಇದು ಕ್ವಾಟಿ ಹತ್ತೋ ಕೊಕ್ಕಿರಿ. ಹಗ್ಗ ಕಟ್ಟಿ ಮ್ಯಾಲೆ ಒಗೀತಿದ್ರು," ಎಂದರು.

ಬಾವಿಯ ಪಕ್ಕ ಸಿಕ್ಕಿತೆಂದು ನೆನಪಿಸಿದೆ.

"ಅದು ಬಾವಿ ಅಲ್ಲರಿ, ಕಂದಕ."

ಅಲ್ಲಿಗೆ ಸೀತಾಫಲದ ಗಿಡಗಳ ನಡುವೆ ಒಂದು ಕೋಟೆಯೂ ಎದ್ದು ನಿಂತಿತು. ನಾನು ವಾದಿಸಲಿಲ್ಲ. ಯಾಕೆಂದರೆ ಸಂಘದ ವಸ್ತುಪ್ರದರ್ಶನಕ್ಕೆ ಅವರು ಒಂದು ಚೀಟಿ ಅಚ್ಚು ಹಾಕಿಸಿದರು: 'ಕೋಟೆ ಹತ್ತುವ ಕೊಕ್ಕೆ, ಚಾಲುಕ್ಯರ ಕಾಲ. ಪತ್ತೆ ಹಚ್ಚಿದವರು,' ಮುಂದೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು. ನಿವೃತ್ತನಾದ ಮೇಲೆ ನನ್ನ ಹೆಸರು ಅಚ್ಚಾಗುತ್ತಿದ್ದದ್ದು ಕರೆಂಟ್ ಬಿಲ್ಲಿನಲ್ಲಿ ಮಾತ್ರ.

ಪ್ರದರ್ಶನದ ಭಾನುವಾರ ಬೆಳಿಗ್ಗೆ ಕೊಕ್ಕೆಗೆ ಎಣ್ಣೆ ಹಚ್ಚಿ ಚೀಲಕ್ಕೆ ಹಾಕುತ್ತಿದ್ದೆ. ಮಲ್ಲಮ್ಮ ಬಂದಳು. ಪಕ್ಕದ ಸೈಟಿನಲ್ಲಿ ಗಾರೆ ಕೆಲಸ ಮಾಡಲು ಯಾದಗಿರಿ ಕಡೆಯಿಂದ ಬಂದವಳು. ಕುಡಿಯಲು ದಿನವೂ ನಮ್ಮಲ್ಲಿಂದ ಎರಡು ಬಾಟಲಿ ನೀರು ಒಯ್ಯುತ್ತಾಳೆ. ಬಾಗಿಲಲ್ಲೇ ನಿಂತುಬಿಟ್ಟಳು.

"ಸಾಹೇಬ್ರ, ಪಾತಾಳಗರಡಿ ನಿಮ್ಮ ಮನ್ಯಾಗ ಐತಿ ಅಂತ ಮೊದ್ಲ ಹೇಳಬಾರದೇನ್ರಿ?"

ಬಾವಿಗೆ ಬಿದ್ದ ಕೊಡ ಎತ್ತುವ ಸಾಧನವಂತೆ. ಹಗ್ಗ ಕಟ್ಟಿ ಇಳಿಬಿಟ್ಟು ತಡಕಾಡಿದರೆ ಯಾವುದಾದರೊಂದು ಕೊಕ್ಕೆಗೆ ಕೊಡದ ಕಂಠ ಸಿಕ್ಕಿಕೊಳ್ಳುತ್ತದೆ. ನನ್ನ ಎರಡು ಪುಟದ ವರದಿಗೆ ಬೇಕಾಗಿದ್ದದ್ದು ಇದೊಂದು ಸಾಲು. ಸೈಟಿನ ಬಾವಿಯಲ್ಲಿ ನಾಲ್ಕು ದಿನದ ಹಿಂದೆ ಅವಳ ತಾಮ್ರದ ಕೊಡ ಬಿದ್ದಿತ್ತು. ತೀರಿಹೋದ ಅವ್ವ ಕೊಟ್ಟದ್ದು. ಅವ್ವನದೆಂದು ಅವಳ ಹತ್ತಿರ ಉಳಿದಿದ್ದದ್ದು ಅದೊಂದೇ.

"ನಾಳೆ ಒಯ್ಯವ್ವಾ," ಎಂದೆ.

"ಮಣ್ಣಿನ ಲಾರಿ ಬಂದು ನಿಂತಾವ್ರಿ. ಮಧ್ಯಾಹ್ನಕ್ಕ ಬಾವಿ ಮುಚ್ಚತಾರ."

ಒಂದು ಕಡೆ ಅವಳ ಅವ್ವನ ಕೊಡ, ಇನ್ನೊಂದು ಕಡೆ ದಪ್ಪ ಅಕ್ಷರದ ನನ್ನ ಹೆಸರು. ತಕ್ಷಣ ಕೊಟ್ಟುಬಿಟ್ಟೆ ಎಂದು ಬರೆಯಲು ಆಸೆಯಿದೆ, ಆದರೆ ಸುಳ್ಳಾಗುತ್ತದೆ. ಗಡಿಯಾರ ನೋಡಿದೆ. ಅದನ್ನು ಮಲ್ಲಮ್ಮ ಬೇರೆಯೇ ಅರ್ಥ ಮಾಡಿಕೊಂಡಳು. ಶೆಡ್ಡಿಗೆ ಓಡಿಹೋಗಿ ಒಂದು ಹಿತ್ತಾಳೆ ತಂಬಿಗೆ ತಂದು ನನ್ನ ಮುಂದಿಟ್ಟಳು.

"ನಮ್ಮೂರಾಗ ಗರಡಿ ಬರೇಗೈಲೆ ಯಾರೂ ಒಯ್ಯಂಗಿಲ್ಲರಿ. ಪಾತ್ರಿ ಒತ್ತಿ ಇಡಬೇಕು. ಗರಡಿ ವಾಪಸ್ ಕೊಟ್ಟಾಗ ಪಾತ್ರಿ."

ಓಣಿಗೆಲ್ಲ ಒಂದೇ ಗರಡಿ ಇದ್ದಾಗ ಅದು ಕಳೆದರೆ ಮುಂದೆ ಬೀಳುವ ಕೊಡಗಳ ಗತಿಯೇನು? ಅದಕ್ಕೇ ಈ ಕಟ್ಟಳೆ. ನಾನು ಹೆಸರಿನ ಆಸೆಗೆ ಹಿಂದೆಮುಂದೆ ನೋಡುತ್ತಿದ್ದರೆ, ಅವಳು ನನ್ನನ್ನು ಓಣಿಯ ಜವಾಬ್ದಾರಿ ಹೊತ್ತ ಹಿರಿಯ ಎಂದು ತಿಳಿದಿದ್ದಳು. ನನಗೆ ನಿಜವಾಗಿ ನಾಚಿಕೆಯಾಯಿತು. ಚೀಲವನ್ನೇ ಅವಳ ಕೈಗೆ ಕೊಟ್ಟೆ.

ಹಿಮಾಯತ್‌ನಗರದ ಸಭಾಂಗಣಕ್ಕೆ ಸಾಕ್ಷಿಗಿರಲಿ ಎಂದು ತಂಬಿಗೆಯನ್ನು ಒಯ್ದೆ. ಚೀಟಿಯ ಪಕ್ಕದ ಕೆಂಪು ಬಟ್ಟೆಯ ಮೇಲೆ ಅದನ್ನಿಟ್ಟು, ನಡೆದದ್ದನ್ನು ಹೇಳಲು ಪ್ರೊಫೆಸರರನ್ನು ಹುಡುಕಿಕೊಂಡು ಹೋದೆ. ಸಿಗಲಿಲ್ಲ. ತಿರುಗಿ ಬಂದರೆ ಅವರು ಮುಖ್ಯ ಅತಿಥಿಗಳ ಜೊತೆ ತಂಬಿಗೆಯ ಮುಂದೆಯೇ ನಿಂತಿದ್ದರು. ಕೊಕ್ಕೆ ಕಾಣದಿದ್ದರೂ ಅವರ ವಿದ್ವತ್ತು ತಡವರಿಸಲಿಲ್ಲ.

"ಕ್ವಾಟಿ ಹತ್ತೋ ಸೈನಿಕರು ನೀರು ಕುಡೀತಿದ್ದ ಪಾತ್ರಿರಿ ಇದು. ಕಂಠ ನೋಡ್ರಿ, ಖಾಸಾ ಚಾಲುಕ್ಯರದು."

ಅತಿಥಿಗಳು ಕಂಠವನ್ನು ಮುಟ್ಟಿ ತಲೆದೂಗಿದರು. ಅಲ್ಲ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಫೋಟೋ ತೆಗೆದರು. ಸಂಘದ ಫೋಟೋದಲ್ಲಿ ಈಗಲೂ ನನ್ನ ಬಾಯಿ ತೆರೆದೇ ಇದೆ.

ಸಂಜೆ ಮಲ್ಲಮ್ಮ ಗರಡಿಯನ್ನು ತೊಳೆದು ತಂದಳು. ಸೊಂಟದ ಮೇಲೆ ಕೊಡ, ಒಂದು ಮಗ್ಗುಲು ನೆಗ್ಗಿತ್ತು. ಅದನ್ನು ಇಳಿಸಿ ಕೂರಲು ಹೇಳಿದರೂ ಇಳಿಸಲಿಲ್ಲ. ನನ್ನದೇ ಕೊಡ ಸಿಕ್ಕಷ್ಟು ಸಂತೋಷವಾಯಿತು. ತಂಬಿಗೆ ವಾಪಸ್ ಕೊಡುತ್ತ, "ಇದು ಚಾಲುಕ್ಯರ ಕಾಲದ್ದಂತವ್ವಾ," ಎಂದೆ.

ಅವಳು ಒಮ್ಮೆ ಬುಡ ತಿರುಗಿಸಿ ನೋಡಿದಳು. "ಅಲ್ಲರಿ. ಹ್ವಾದ ವರ್ಷ ಬೇಗಂ ಬಜಾರದಾಗ ತಗೊಂಡಿದ್ದು."

ಚೀಟಿಯನ್ನು ಎಸೆದಿಲ್ಲ. ಕೋಟೆ, ಕಾಲ, ನನ್ನ ಹೆಸರು ಎಲ್ಲ ಹೊಡೆದುಹಾಕಿ 'ಪಾತಾಳಗರಡಿ. ಪತ್ತೆ ಹಚ್ಚಿದವರು: ಮಲ್ಲಮ್ಮ' ಎಂದು ಬರೆದು ಗರಡಿಗೇ ಕಟ್ಟಿದ್ದೇನೆ. ಬಹಳ ದಿನಗಳ ಮೇಲೆ ಒಂದು ಸರಿಯಾದ ಸಹಿಯನ್ನೂ ಹಾಕಿದ್ದೇನೆ. ಈಗ ಅದು ನಮ್ಮ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿದೆ. ನಿಮ್ಮದೇನಾದರೂ ಬಾವಿಗೋ ಸಂಪಿಗೋ ಬಿದ್ದಿದ್ದರೆ ಸಂಕೋಚವಿಲ್ಲದೆ ಬನ್ನಿ. ಬರುವಾಗ ಒತ್ತೆಗೆ ಒಂದು ಪಾತ್ರೆ ತನ್ನಿ. ಯಾವ ಕಾಲದ್ದಾದರೂ ನಡೆಯುತ್ತದೆ.