ಸುಧಾಮಣಿಯ ಕೈಯಳತೆ

ಟೇಪು ಹಿಡಿಯಲು ಇಬ್ಬರು ಬೇಕು. ಮನೆ ಕಟ್ಟುವ ಯಾವ ವಿಡಿಯೊ ನೋಡಿದರೂ ಅದರಲ್ಲಿರುವವನು ಮೊದಲು ಹೇಳುವುದೇ ಇದು: ‘ಆ ತುದೀಲಿ ಒಬ್ರು ನಿಂತ್ಕೊಳ್ಳಿ.’ ಭೀಮನಬೀಡಿನ ಸುಧಾಮಣಿ ಆ ತುದಿಯ ಮೇಲೆ ಒಂದು ಕಲ್ಲು ಹೇರುತ್ತಿದ್ದಳು. ಈ ತುದಿಗೆ ಬಂದು ಎಳೆಯುವಷ್ಟರಲ್ಲಿ ಅದು ಜಾರುತ್ತಿತ್ತು. ಮತ್ತೆ ಹೋಗಿ, ಇನ್ನೂ ದಪ್ಪನೆಯ ಕಲ್ಲು ಹೇರಿ ಬರುತ್ತಿದ್ದಳು. ಒಂದು ಗೋಡೆಯ ಉದ್ದ ಗೊತ್ತಾಗುವಷ್ಟರಲ್ಲಿ ಇನ್ನೂ ಹುಟ್ಟಿರದ ಆ ಗೋಡೆಯ ಪಕ್ಕ ಐದಾರು ಸಲ ಓಡಾಡಿರುತ್ತಿದ್ದಳು.

ಅವಳಿಗೆ ನಲವತ್ತಮೂರು. ಮದುವೆಯಾಗಿಲ್ಲ. ಯಾಕೆ ಆಗಲಿಲ್ಲ ಎಂದು ಊರಿನವರು ಕೇಳುವುದನ್ನು ಬಿಟ್ಟೇ ಹತ್ತು ವರ್ಷವಾಗಿತ್ತು. ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಇದ್ದದ್ದು ಅಣ್ಣ ಮಾದೇಶನ ಮನೆಯಲ್ಲಿ, ನಡುಮನೆಯ ಮೂಲೆಯೊಂದರಲ್ಲಿ. ಅಣ್ಣನಾಗಲಿ ಅತ್ತಿಗೆ ನಯನಾ ಆಗಲಿ ಕೆಟ್ಟವರಲ್ಲ. ಆದರೆ ಟೀವಿ ಆರುವ ತನಕ ಅವಳು ಚಾಪೆ ಹಾಸುವಂತಿಲ್ಲ, ಬೆಳಿಗ್ಗೆ ಮಿಕ್ಕವರು ಏಳುವ ಮೊದಲೇ ಸುತ್ತಿಡಬೇಕು. ಇಪ್ಪತ್ತು ವರ್ಷ ಹೀಗೆ ಚಾಪೆ ಸುತ್ತಿದವಳಿಗೆ ಸ್ವಂತ ಮನೆ ಎನ್ನುವ ಆಸೆ ಹುಟ್ಟದಿದ್ದರೇ ಆಶ್ಚರ್ಯ ಪಡಬೇಕಿತ್ತು.

ಜಾಗವಿತ್ತು. ಹುಲ್ಲುಮೆದೆ ಒಟ್ಟುತ್ತಿದ್ದ ಹಿತ್ತಲನ್ನು ಅಪ್ಪ ಸಾಯುವ ಮೊದಲೇ ಅವಳ ಹೆಸರಿಗೆ ಬರೆಸಿದ್ದರು. ಗಾರೆಯವನೂ ಸಿಕ್ಕಿದ್ದ, ಶಿವರಾಮು ಅಂತ. ಎರಡು ದಿನ ಬಂದು ಪಾಯ ತೋಡಿಸಿದ. ಮೂರನೆಯ ದಿನ ವಯನಾಡಿನ ಕಡೆ ದೊಡ್ಡ ಕೆಲಸ ಸಿಕ್ಕಿತೆಂದು ಬಸ್ಸು ಹತ್ತಿದವನು ಮತ್ತೆ ಬರಲೇ ಇಲ್ಲ. ಫೋನು ಮಾಡಿ ಮಾಡಿ ಸಾಕಾದ ಸುಧಾಮಣಿ ಕೊನೆಗೆ ಅದೇ ಫೋನಿನಲ್ಲಿ ಕಲ್ಲು ಕಟ್ಟುವ ವಿಡಿಯೊ ಹುಡುಕಿದಳು. ನೂರೈವತ್ತು ಮಕ್ಕಳಿಗೆ ಹದವಾಗಿ ಸಾರು ಮಾಡುವವಳಿಗೆ ಸಿಮೆಂಟು ಕಲಸುವುದು ಬಾರದೇ ಹೋಗುತ್ತದೆಯೇ?

ಆದರೆ ತಪ್ಪು ಅದಕ್ಕೂ ಮೊದಲೇ ಆಗಿಹೋಗಿತ್ತು. ಮಾಡಿದವಳೂ ಅವಳೇ.

ಪಾಯ ತೋಡುವ ಮುಂಚೆ ಆಯ ನೋಡಿಸಬೇಕಲ್ಲ. ಮನೆಯ ಯಜಮಾನನ ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಉದ್ದ ಒಂದು ಮೊಳ. ಆ ಮೊಳದಲ್ಲಿ ಮನೆಯ ಉದ್ದ ಅಗಲ ಅಳೆದು, ಗುಣಿಸಿ, ಎಂಟರಿಂದ ಭಾಗಿಸಿದಾಗ ಉಳಿದ ಸಂಖ್ಯೆಯೇ ಆಯ. ಒಂದೊಂದಕ್ಕೂ ಒಂದೊಂದು ಹೆಸರು. ಸಿಂಹವೋ ವೃಷಭವೋ ಬಂದರೆ ಒಳ್ಳೆಯದು, ನಾಯಿಯೋ ಕತ್ತೆಯೋ ಬಂದರೆ ಕೆಟ್ಟದ್ದು. ಊರಲ್ಲಿ ಆಯ ಬಲ್ಲವರು ಮುದುಕ ಚಿಕ್ಕಮಲ್ಲಪ್ಪ. ಅವತ್ತು ಅವರು ಕೋಲು ಹಿಡಿದು ಬಂದು, “ಎಲ್ಲಿ ಕಣವ್ವ, ಯಜಮಾನ್ರು ಕೈ ಕೊಡ್ಲಿ” ಎಂದಿದ್ದರು. ಸುಧಾಮಣಿ ಒಂದು ಗಳಿಗೆಯೂ ಯೋಚಿಸದೆ, “ಅಣ್ಣಾ, ಒಸಿ ಬಾ ಇಲ್ಲಿ” ಎಂದು ಮಾದೇಶನನ್ನು ಕೂಗಿದ್ದಳು. ಮಾದೇಶ ಅಂಗಿಯ ತೋಳು ಮಡಿಚಿ ಕೈ ಚಾಚಿದ್ದ. ಉದ್ದ ಹದಿನೈದು ಮೊಳ, ಅಗಲ ಹನ್ನೊಂದು. ಉಳಿದದ್ದು ಐದು. ವೃಷಭಾಯ! ಎಲ್ಲರೂ ಬೆಲ್ಲ ತಿಂದಿದ್ದರು.

ದಿನಾ ಮೂರು ಗಂಟೆಗೆ ಶಾಲೆಯ ಪಾತ್ರೆ ತೊಳೆದಿಟ್ಟು ಬಂದು, ಕತ್ತಲಾಗುವವರೆಗೂ ಸುಧಾಮಣಿ ಕಲ್ಲು ಜೋಡಿಸಿದಳು. ಎತ್ತಲಾಗದ್ದನ್ನು ಉರುಳಿಸಿದಳು. ಐದು ತಿಂಗಳಿಗೆ ಪಾಯ ಮೇಲೆದ್ದು ಮೊಣಕಾಲೆತ್ತರವಾಯಿತು. ಒಂದು ಸಂಜೆ ಮಾದೇಶ ಅದನ್ನು ನೋಡುತ್ತ ನಿಂತಿದ್ದಾಗ ಅವನ ಗೆಳೆಯ ಪುಟ್ಟಮಾದು ದಾರಿಯಲ್ಲಿ ಬೈಕು ನಿಲ್ಲಿಸಿದ.

“ಏನ್ಲಾ ಮಾದೇಶ, ಒಸ ಮನೆ ಎಬ್ಬುಸ್ತಾ ಇದ್ದೀಯ?”

“ಊಂ ಕಣ್ಲಾ. ನನ್ ಮೊಳದಲ್ಲೇ ಆಯ ಕೂತದೆ. ನನ್ ಮಗ ರೇವಂತ ಮದ್ವೆ ಆದ್ಮೇಲೆ ಇಲ್ಲೇ ಇರ್ಲಿ ಅಂತ.”

ಸುಧಾಮಣಿ ಕರಣೆ ಹಿಡಿದು ಅಲ್ಲೇ ಕೂತಿದ್ದಳು. “ಅಣ್ಣಾ, ಇದು ನನ್ ಮನೆ ಅಲ್ವಾ?” ಎಂದಳು.

“ನಿಂದೇ ಕಣಮ್ಮಿ, ಯಾರ್ ಇಲ್ಲ ಅಂದೋರು? ನೀನಿರಗಂಟ ಒಂದ್ ಮೂಲೇಲಿ ಇರು. ಇಷ್ಟಗಲ ಮನೇಲಿ ಒಬ್ಳೇ ಕೂತ್ಕಂಡು ಏನ್ ಮಾಡೀಯೆ?”

ಪುಟ್ಟಮಾದು ನಕ್ಕ. “ಕಾಗ್ದ ಯಾರೆಸ್ರಲ್ಲಾದ್ರೂ ಇರ್ಲಿ ಬುಡವ್ವ. ಮೊಳ ಯಾರ್ದೋ ಮನೆ ಅವರ್ದು.”

ಮತ್ತೆ ಒಂದು ಮೂಲೆ! ತಾನು ಕಟ್ಟಿದ ಮನೆಯಲ್ಲೂ ಒಂದು ಮೂಲೆ. ಮಾದೇಶ ಅದನ್ನು ಪ್ರೀತಿಯಿಂದಲೇ ಹೇಳಿದ್ದ. ಅದಕ್ಕೇ ಇರಬೇಕು, ಅವಳು ಜಗಳವಾಡದೆ ಕರಣೆ ತೊಳೆದಿಟ್ಟಳು. ಮರುದಿನದಿಂದ ಗಮನಿಸುತ್ತಾಳೆ, ಊರೆಲ್ಲ ಹೇಳುವುದು ಅದನ್ನೇ. ‘ಮಾದೇಶನ ಒಸ್ಮನೆ ತಾವ ಬಾ’, ‘ಮಾದೇಶನ ಒಸ್ಮನೆ ಪಕ್ಕ ನಿಲ್ಸು’. ಮರಳಿನ ಟ್ರ್ಯಾಕ್ಟರಿನವನೂ ಹಾಗೇ ಕೇಳಿಕೊಂಡು ಬಂದ.

ಅವಳು ಸೀದಾ ಚಿಕ್ಕಮಲ್ಲಪ್ಪನವರ ಜಗುಲಿಗೆ ಹೋದಳು. “ತಾತ, ಇನ್ನೊಂದ್ಸಲ ಆಯ ನೋಡ್ಬೇಕು. ನನ್ ಕೈಲಿ.”

“ಎಣ್ಣೆಂಗಸ್ರ ಕೈಲಿ ನಾನು ನೋಡಿಲ್ಲ ಕಣವ್ವ.”

“ಎಣ್ಣೆಂಗಸ್ರು ಪಾಯ ಕಟ್ಟಿದ್ದ ನೋಡಿದ್ರಾ?”

ಮುದುಕರು ಅವಳ ಅಂಗೈಯನ್ನು ನೋಡಿದರು. ಸುಣ್ಣ ಸಿಮೆಂಟು ತಿಂದು ತಿಂದು ಬೆರಳ ತುದಿಗಳು ಒಡೆದಿದ್ದವು. ಎದ್ದು ಕೋಲು ತಗೊಂಡರು.

ಅವಳ ಮೊಳ ಅಣ್ಣನದಕ್ಕಿಂತ ಚಿಕ್ಕದು. ಉದ್ದ ಹದಿನೇಳು ಬಂತು. ಅಗಲ ಹನ್ನೆರಡೂವರೆ. ಚಿಲ್ಲರೆ ಬಿಟ್ಟು ಲೆಕ್ಕ ಹಾಕಿದ ಚಿಕ್ಕಮಲ್ಲಪ್ಪ ತಲೆ ಕೆರೆದುಕೊಂಡರು. “ನಾಕು ಉಳೀತು. ನಾಯಿ ಕಣವ್ವ. ಕಂಡೋರೆಲ್ಲ ಕಲ್ಲೊಡೆಯೋ ಆಯ.”

“ಅಂಗಾದ್ರೆ ಏನ್ ಮಾಡನ?”

“ಒರಕ್ಕೋಗನ ಅಂದ್ರೆ ಚರಂಡಿ ಅದೆ. ಒಳಕ್ಕೆ ಬಂದು ಅಗಲ ಅನ್ನೊಂದು ಮಾಡ್ಕೊಂಡ್ರೆ ಸಿಂವಾಯ ಆಯ್ತದೆ. ಆದ್ರೆ ಒಂದ್ ಸಾಲ್ ಪೂರ್ತಿ ಕಿತ್ತು ಒಂದೂವರೆ ಮೊಳ ಒಳಗೆ ಕಟ್ಬೇಕು. ಬ್ಯಾಡ ಬುಡು ಮಗ, ಅಣ್ಣುನ್ ಕೈಯಾದ್ರೇನು?”

“ಕೀಳ್ತೀನಿ” ಎಂದಳು.

ಮಾದೇಶನಿಗೆ ಗೊತ್ತಾದಾಗ ಅವನು ಬೈಯಲಿಲ್ಲ. “ನನ್ ಕೈ ಅಷ್ಟು ಕೆಟ್ಟೋಯ್ತಾ ಸುಧಾ?” ಎಂದು ಕೇಳಿದ, ಅಷ್ಟೆ. ಆಮೇಲೆ ಅವಳೊಂದಿಗೆ ಮಾತೇ ಬಿಟ್ಟ. ನಯನಾ ತಟ್ಟೆಗೆ ಅನ್ನ ಹಾಕಿ ಒಳಗೆ ಹೋಗುತ್ತಿದ್ದಳು. ನಾಲ್ಕು ದಿನ ನೋಡಿದ ಸುಧಾಮಣಿ ಐದನೆಯ ದಿನ ಬಟ್ಟೆ ಬರೆ ಕಟ್ಟಿಕೊಂಡು ಹಿತ್ತಲಿಗೆ ಬಂದು, ಒಂದು ಟಾರ್ಪಾಲು ಎಳೆದು ಕಟ್ಟಿ ಅದರ ಕೆಳಗೆ ಉಳಿದಳು.

ಬೇಸಿಗೆ ರಜೆ ಶುರುವಾಗಿತ್ತು. ಶಾಲೆಯಿಲ್ಲ, ಮಕ್ಕಳ ಗಲಾಟೆಯಿಲ್ಲ. ಒಂದು ಸಾಲು ಕಲ್ಲನ್ನು ಕಿತ್ತು, ಅದರ ಪಕ್ಕದಲ್ಲೇ ಪಾಯ ತೋಡಿ, ಅದೇ ಕಲ್ಲನ್ನು ಮತ್ತೆ ಕೂರಿಸಲು ಪೂರಾ ನಲವತ್ತು ದಿನ ಹಿಡಿಯಿತು. ಕೆಲವು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳು ಆಡಿದ ಮಾತು ಅಂಗಡಿಯಲ್ಲಿ ‘ಅರ್ಧ ಲೀಟ್ರು ಆಲು’ ಎಂದದ್ದು ಮಾತ್ರ. ಕಲ್ಲಿನ ಹತ್ತಿರ ಮಾತಾಡುವುದು ಅಭ್ಯಾಸವಾಯಿತು. “ಕೂತ್ಕೊ ಅಂದ್ರೆ ಕೂತ್ಕೊಬೇಕು, ಎಷ್ಟ್ ಸಲ ಏಳ್ಲಿ ನಿಂಗೆ?” ಎಂದು ಗದರುವಾಗ ಒಂದು ದಿನ ತನ್ನ ದನಿಗೆ ತಾನೇ ಬೆಚ್ಚಿದಳು. ಬೆಟ್ಟದ ಕಡೆಯಿಂದ ಗಾಳಿ ಬೀಸಿದಾಗ ಟಾರ್ಪಾಲು ಪಟಪಟ ಹೊಡೆದುಕೊಳ್ಳುತ್ತಿತ್ತು. ಯಾರೋ ಬಂದರೆಂದು ಅವಳು ಎದ್ದು ಕೂರುತ್ತಿದ್ದಳು.

ಗೋಡೆ ಏಳಿಸುವಾಗಲೂ ಎಡವಟ್ಟಿಗೇನೂ ಕಡಿಮೆ ಇರಲಿಲ್ಲ. ಮೂಲೆಯಲ್ಲಿ ಎರಡು ಗೋಡೆಯ ಇಟ್ಟಿಗೆಗಳು ಒಂದರೊಳಗೊಂದು ಕಚ್ಚಿ ಕೂರಬೇಕೆಂದು ಯಾವ ವಿಡಿಯೊದಲ್ಲಿ ಹೇಳಿದ್ದರೋ, ಅದನ್ನು ಅವಳು ನೋಡಿರಲಿಲ್ಲ. ಎದೆಯೆತ್ತರ ಬಂದ ಮೇಲೆ ಮೂಲೆ ಬಾಯಿ ಬಿಟ್ಟಿತು. ಇನ್ನೊಂದು ಗೋಡೆ ಉಬ್ಬಿಕೊಂಡಿತು. ಶಾಲೆಯಲ್ಲಿ ಜೊತೆಗೆ ಅಡುಗೆ ಮಾಡುವ ಕರಿಬಸಮ್ಮ ನೋಡಲು ಬಂದವಳು ಬಿದ್ದು ಬಿದ್ದು ನಕ್ಕಳು.

“ಏನಮ್ಮಿ ಇದು, ನಿನ್ ಗ್ವಾಡೆ ಏಳ್ ತಿಂಗ್ಳ ಬಸ್ರಿ ಅಂಗೆ ಒಟ್ಟೆ ಬುಟ್ಕಂಡದೆ!”

“ಎರ್ಗೆ ಮಾಡುಸ್ತೀನಿ ಇರಕ್ಕ” ಎಂದು ಸುಧಾಮಣಿಯೂ ನಕ್ಕು ಗೋಡೆ ಕೆಡವಿದಳು. ಆ ನಗು ಎಷ್ಟು ದಿನದ ಮೇಲೆ ಬಂದಿತ್ತೆಂದರೆ, ಕರಿಬಸಮ್ಮ ಹೋದ ಮೇಲೂ ಹೊಟ್ಟೆ ನೋಯುತ್ತಿತ್ತು. ಮತ್ತೆ ಕಟ್ಟಿದ ಗೋಡೆಗೆ ತೂಕದ ಗುಂಡು ಇಳಿಬಿಟ್ಟು ನೋಡಿದಳು. ದಾರ ಮೇಲಿನಿಂದ ಕೆಳಗಿನವರೆಗೂ ಗೋಡೆಯಿಂದ ಒಂದೇ ಸಮ ದೂರದಲ್ಲಿ ನಿಂತಿತ್ತು. ಯಾರಿಗಾದರೂ ತೋರಿಸೋಣ ಎಂದು ದಾರಿಗೆ ಬಂದು ನಿಂತಳು. ಚೆಂಡುಹೂ ಮೂಟೆ ಹೇರಿದ ಗಾಡಿಯೊಂದು ಹೋಯಿತು. ಅದರವನು ಹಾರ್ನು ಹೊಡೆದ.

ಮೇಲಿನ ಶೀಟು ಹಾಕಲು ಮಾತ್ರ ಗುಂಡ್ಲುಪೇಟೆಯಿಂದ ಇಬ್ಬರು ಬಂದು ಅರ್ಧ ದಿನದಲ್ಲಿ ಮುಗಿಸಿ ಹೋದರು. ಮನೆ ಒಕ್ಕಲಿನ ದಿನ ಪೂಜೆಗೆ ಗಂಡ ಹೆಂಡತಿ ಕೂರಬೇಕೆಂದು ಕರಿಬಸಮ್ಮನೇ ಗಂಡನನ್ನು ಕರೆತಂದು ಕೂತಳು. ಹಾಲು ಉಕ್ಕಿತು. ಅಣ್ಣನ ಮನೆಗೆ ಸುಧಾಮಣಿ ತಾನೇ ಹೋಗಿ ಕುಂಕುಮವಿಟ್ಟು ಕರೆದು ಬಂದಿದ್ದಳು. ಅಲ್ಲಿಂದ ಯಾರೂ ಬರಲಿಲ್ಲ. ಅವರಿಗೆಂದು ತೆಗೆದಿಟ್ಟ ಪಾಯಸ ಮರುದಿನ ಹುಳಿಯಾಯಿತು.

ಇಪ್ಪತ್ತು ದಿನ ಕಳೆದಿರಬೇಕು. ಒಂದು ಸಂಜೆ ಅವಳು ಸೊಪ್ಪು ಬಿಡಿಸುತ್ತಿದ್ದಾಗ ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು.

“ಸುಧಾ.” ಮಾದೇಶ ಹೊಸ್ತಿಲಿನ ಆಚೆಯೇ ನಿಂತಿದ್ದ. ಕೈಯಲ್ಲಿ ಒಂದು ಗೊನೆ ಬಾಳೆಹಣ್ಣು. “ಒಳಗ್ ಬರ್ಲಾ?”

ಅವಳು ಸೊಪ್ಪನ್ನು ಪಕ್ಕಕ್ಕಿಟ್ಟಳು. ಅಣ್ಣ ಅವಳನ್ನು ಯಾವುದಕ್ಕೂ ಹೀಗೆ ಕೇಳಿದವನಲ್ಲ.

“ಬಾಣ್ಣ” ಎಂದಳು.

ಬಂದು ಗೋಡೆಗೊರಗಿ ಕೂತ. ಮೇಲೆ ನೋಡಿದ, ಕೆಳಗೆ ನೋಡಿದ. ಕಾಫಿ ಕುಡಿದ. “ಸೆಕೆ ಆಯ್ತದೆ, ಶೀಟು” ಎಂದ. “ಊಂ” ಎಂದಳು. “ನಯ್ನುಂಗೆ ಮಂಡಿನೋವು.” “ಎಣ್ಣೆ ಅಚ್ಕಳಕ್ಕೆ ಏಳು.” ಅಷ್ಟೇ ಮಾತು. ಇನ್ನೊಂದು ಲೋಟ ಕೊಡಲೇ ಎಂದರೆ ಬೇಡವೆಂದು ಎದ್ದ. ಹೊರಡುವಾಗ ಗೋಡೆಯ ಮೇಲೊಮ್ಮೆ ಕೈಯಾಡಿಸಿದ್ದು ಅವಳಿಗೆ ಕಾಣಲಿ ಎಂದೋ ಕಾಣದಿರಲಿ ಎಂದೋ ಗೊತ್ತಿಲ್ಲ.

ಅವನು ದಾರಿಗಿಳಿದ ಮೇಲೆ ಪುಟ್ಟಮಾದುವಿನ ದನಿ ಕೇಳಿತು. “ಏನ್ಲಾ, ಎಲ್ಲೋಗಿದ್ಯಲಾ ಈ ಕಡೆ?”

“ಸುಧನ್ ಮನೇಗೋಗಿದ್ದೆ ಕಣ್ಲಾ.”

ಸುಧಾಮಣಿ ಬಾಗಿಲಿಗೆ ಬಂದಳು. ಅವರಿಬ್ಬರೂ ಆಗಲೇ ಬೇರೆ ಏನೋ ಮಾತಾಡುತ್ತ ತಿರುವು ದಾಟಿದ್ದರು. ಕೇಳಿಸಿತಾ, ಏನಂದ ಕೇಳಿಸಿತಾ ಎನ್ನಬೇಕೆಂದು ಅವಳು ಒಳಗೆ ತಿರುಗಿದಳು. ಹದಿನೇಳು ಮೊಳ ಉದ್ದ, ಹನ್ನೊಂದು ಮೊಳ ಅಗಲದ ಮನೆಯಲ್ಲಿ ಯಾರೂ ಇರಲಿಲ್ಲ.