ಅಕ್ಕೋರು ಕಿವಿ ಮುಟ್ಟಿ ತೋರಿಸಿದ್ದು

ಮೊರಬದ ಹಿಟ್ಟಿನ ಗಿರಣಿ ಶಂಭುಲಿಂಗಪ್ಪನದು. ಎದುರಿಗೇ ಅವನ ಮನೆ. ನಡುವೆ ಒಂದು ಚಕ್ಕಡಿ ಹಾಯುವಷ್ಟು ಓಣಿ. ಅವನ ಹೆಂಡತಿ ರೇವವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಗಂಡನನ್ನು ನೋಡುತ್ತಿದ್ದಳು. ನೋಡುವುದಷ್ಟೇ, ಏನೂ ಕೇಳಿಸುತ್ತಿರಲಿಲ್ಲ. ಡೀಸೆಲ್ ಇಂಜಿನ್ ಶುರುವಾಯಿತೆಂದರೆ ಗಿರಣಿಯೊಳಗೆ ಮಾತೆಲ್ಲ ಕೈಸನ್ನೆಯಲ್ಲೇ.

ಹದಿನೆಂಟು ವರ್ಷ ಬಾಳ್ವೆ ಮಾಡಿದ ಗಂಡ ಈಗೆರಡು ವರ್ಷಗಳಿಂದ ಮನೆಯಲ್ಲಿ ಮಾತೇ ಬಿಟ್ಟಿದ್ದ. ಏನು ಹೇಳಿದರೂ 'ಹೂಂ' ಎನ್ನುವನು, ಇಲ್ಲವೇ ರೊಟ್ಟಿ ಮುರಿಯುತ್ತ ಗೋಡೆ ನೋಡುವನು. ಅಂಥವನು ಶಾರದಕ್ಕೋರ ಮುಂದೆ ಮುಖ ಅರಳಿಸಿ ಕೈಯಾಡಿಸುವುದನ್ನು ಕಂಡರೆ ರೇವವ್ವ ಉರಿದು, ಮೊರದ ಕಲ್ಲಿನ ಜೊತೆ ಜೋಳವನ್ನೂ ಹಾರಿಸುತ್ತಿದ್ದಳು. ಎಪ್ಪತ್ತೈದರ ಜೂನಿನಲ್ಲಿ ಕನ್ನಡ ಶಾಲೆಗೆ ಶಿಕ್ಷಕಿಯಾಗಿ ವರ್ಗವಾಗಿ ಬಂದ ಅಕ್ಕೋರದು ಒಬ್ಬರದೇ ಅಡಿಗೆ. ಆದರೂ ವಾರಕ್ಕೆರಡು ಸಲ ಗಿರಣಿ.

"ಒಬ್ಬಾಕಿ ಹೊಟ್ಟಿಗೆ ಎಷ್ಟು ಹಿಟ್ಟು ಬೇಕಬೇ?" ಎಂದು ಬಾಜು ಮನೆಯ ಮಲ್ಲಕ್ಕನನ್ನು ಕೇಳಿದ್ದಳು.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಅಕ್ಕೋರು ಬಂದರು. ಜೋಳದ ಡಬ್ಬಿ ಕೊಟ್ಟು, ತಮ್ಮ ಕಿವಿ ಮುಟ್ಟಿ ತೋರಿಸಿದರು. ಹುಬ್ಬಳ್ಳಿ ರಸ್ತೆಯ ಕಡೆ ಕೈ ಮಾಡಿ ಎರಡು ಬೆರಳೆತ್ತಿದರು. ಶಂಭುಲಿಂಗಪ್ಪ ತುಟಿಯ ಮೇಲೆ ಬೆರಳಿಟ್ಟು ಮನೆಯ ಕಡೆ ಕಣ್ಣು ಹೊರಳಿಸಿದ.

ರೇವವ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಕಿವಿಗೆ ಬೆಂಡೋಲಿ, ಹುಬ್ಬಳ್ಳಿ ಪೇಟೆ, ಇಬ್ಬರೇ ಹೋಗುವುದು, ಮನೆಯಾಕೆಗೆ ಗೊತ್ತಾಗಬಾರದು. ತನಗೆ ಇವನು ಗುಂಜಿ ಬಂಗಾರ ತಂದವನಲ್ಲ! ಮೊರ ಒಗೆದು, ಓಣಿ ದಾಟಿ, ಗಿರಣಿಗೆ ನುಗ್ಗಿದಳು.

"ನನ್ನ ಗಂಡನ ಕೂಡ ಹುಬ್ಬಳ್ಳಿಗೆ ಹೊಂಟೀರೇನ್ರಿ ಅಕ್ಕೋರ?"

ಆ ಗದ್ದಲದಲ್ಲಿ ಏನೂ ಕೇಳಿಸದ ಅಕ್ಕೋರು ನಗುತ್ತ ಹೌದೆಂದು ತಲೆಯಾಡಿಸಿದರು.

"ನಾಚಿಕಿಲ್ಲದಾಕಿ!"

ಅಕ್ಕೋರು ಕೈ ಮುಗಿದರು. ಸರದಿಯಲ್ಲಿ ನಿಂತ ಹೆಂಗಸರೂ ನಕ್ಕರು. ರೇವವ್ವ ಗಂಡನತ್ತ ತಿರುಗಿ ಎದೆ ಬಿರಿಯುವಂತೆ ಒದರಿದಳು. ಅದೇ ಹೊತ್ತಿಗೆ ಡೀಸೆಲ್ ತೀರಿ ಇಂಜಿನ್ ಕೆಮ್ಮಿ ನಿಂತುಬಿಟ್ಟಿತು.

"ಬೆಂಡೋಲಿ ಯಾರಿಗೆ ಕೊಡಸಾಕ ಹೊಂಟೀರಿ? ಈಕಿಗೇನ್ರಿ?"

ಮಾತು ಓಣಿಯ ತುದಿಯವರೆಗೂ ಮುಟ್ಟಿತು. ಅಕ್ಕೋರ ಮುಖ ಬಿಳಿಚಿತು. ಶಂಭುಲಿಂಗಪ್ಪ ಮಾತ್ರ ಹಿಟ್ಟು ಮೆತ್ತಿದ ಕೈಯನ್ನು ಕಿವಿಗೆ ಹಚ್ಚಿ, ನಗುಮುಖದಲ್ಲೇ ಕೇಳಿದ:

"ಏನಂದಿ? ನುಚ್ಚು ಒಡೀಬೇಕೇನ?"

ಯಾರೂ ನಗಲಿಲ್ಲ.

"ಅವರಿಗೆ ಕಿವಿ ಕೇಳಸೂದಿಲ್ರಿ," ಎಂದರು ಅಕ್ಕೋರು ಮೆಲ್ಲಗೆ. "ನಮ್ಮಪ್ಪನೂ ಗಿರಣಿ ನಡಸ್ತಿದ್ರು, ಅವರಿಗೂ ಹಿಂಗ ಆಗಿತ್ತು. ಎರಡನೇ ತಾರೀಖಿಗೆ ಹುಬ್ಬಳ್ಳಿಗೆ ಕಿವಿ ಡಾಕ್ಟರ್ ಬರ್ತಾರ, ತೋರಸ್ರಿ ಅಂತ ಹೇಳಿದೆ. ಕಿವುಡನ ಹೆಂಡತಿ ಅಂತ ಜನ ನಿಮ್ಮನ್ನ ಆಡಿಕೊಳ್ತಾರಂತ ಮುಚ್ಚಿಟ್ಟಾರ."

ಗಂಡ ಎರಡು ವರ್ಷ ಗೋಡೆ ನೋಡುತ್ತ ಉಂಡದ್ದು ಯಾಕೆಂದು ರೇವವ್ವನಿಗೆ ಈಗ ಅರ್ಥವಾಯಿತು.

ಎರಡನೇ ತಾರೀಖಿಗೆ ತಾನೇ ಗಂಡನನ್ನು ಹುಬ್ಬಳ್ಳಿಗೆ ಕರೆದೊಯ್ದಳು. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಿ ಎಂದರು ಡಾಕ್ಟರು. ತಿರುಗಿ ಬರುವಾಗ ಎರಡು ವರ್ಷದ ಮಾತನ್ನೆಲ್ಲ ಅವನ ಕಿವಿಗೆ ಬಾಯಿ ಹಚ್ಚಿ ಒದರಿದಳು. ಇಡೀ ಬಸ್ಸು ಕೇಳಿತು.

ಆದರೆ ಮಗ್ಗುಲಲ್ಲಿ ಮಲಗಿದವಳಿಗೆ ತಿಳಿಯದ್ದು ಡಬ್ಬಿ ಹಿಡಿದು ಬಂದವಳಿಗೆ ತಿಳಿಯಿತಲ್ಲ ಎಂಬ ಉರಿ ಮಾತ್ರ ಆರಲಿಲ್ಲ. ಪ್ರತಿ ಬುಧವಾರ ರೇವವ್ವನೇ ಅಕ್ಕೋರ ಮನೆಗೆ ಹೋಗಿ ಜೋಳ ಇಸಿದುಕೊಂಡು, ಅಗದಿ ಸಣ್ಣಗೆ ಬೀಸಿಸಿ, ಬೆಚ್ಚಗಿರುವಾಗಲೇ ಮುಟ್ಟಿಸಿ ಬರತೊಡಗಿದಳು.

"ನಿಮಗ್ಯಾಕ್ರಿ ತ್ರಾಸು? ನಾನಾ ಬರ್ತೀನ್ರಿ," ಎಂದರು ಅಕ್ಕೋರು.

"ಬ್ಯಾಡ್ರಿ," ಎಂದಳು ರೇವವ್ವ. "ಗಿರಣ್ಯಾಗ ಭಾಳ ಧೂಳ."